ಸುಣ್ಣದ ಗೆರೆ

ಕೆಳಗಿನ ಮನೆಯ ಓನರಮ್ಮನ ಬಲಗೈ ತೋರುಬೆರಳ ತುದಿ ಯಾವಾಗಲೂ ಬೆಳ್ಳಗಿರುತ್ತಿತ್ತು. ವೀಳ್ಯದೆಲೆಗೆ ಸುಣ್ಣ ಸವರಿ ಸವರಿ ಅಲ್ಲಿನ ಚರ್ಮ ಒರಟಾಗಿ, ಎಷ್ಟು ತೊಳೆದರೂ ಹೋಗದ ಹಾಗೆ ಬಿಳಿ ಕೂತುಬಿಟ್ಟಿತ್ತು. ಆ ಮಂಗಳವಾರ ಬೆಳಿಗ್ಗೆ ಅದೇ ಬೆರಳಿನಿಂದ ಅವರು ನಮ್ಮ ಅಡುಗೆಮನೆಯ ಗ್ಯಾಸ್ ಸಿಲಿಂಡರಿನ ಮೇಲೆ ಒಂದು ಗೆರೆ ಎಳೆದರು.

ಮೊದಲು ಒದ್ದೆ ಬಟ್ಟೆಯಿಂದ ಸಿಲಿಂಡರನ್ನು ಮೇಲಿನಿಂದ ಬುಡದವರೆಗೆ ಒರೆಸಿದರು. ಆಮೇಲೆ ಸೊಂಟದ ಮೇಲೆ ಕೈಯಿಟ್ಟುಕೊಂಡು ಅದನ್ನೇ ನೋಡುತ್ತಾ ನಿಂತರು. ಮೇಲಿನ ಭಾಗ ಬೇಗ ಒಣಗಿತು. ಒಳಗೆ ಗ್ಯಾಸ್ ಇದ್ದ ಕೆಳಗಿನ ಭಾಗ ಮಾತ್ರ ಇನ್ನೂ ಒದ್ದೆಯಾಗಿಯೇ ಇತ್ತು. ಒಣಗಿದ್ದೂ ಒದ್ದೆಯೂ ಸೇರುವ ಕಡೆ ಸುಣ್ಣದ ಬೆರಳು ಹೋಯಿತು.

"ಇಲ್ಲೀಗಂಟ ಐತೆ. ಇನ್ನು ಇಪ್ಪತ್ ದಿನಕ್ಕೆ ಮೋಸ ಇಲ್ಲ. ಈಗ್ಲೇ ಬುಕ್ ಮಾಡ್ಬೇಡ," ಎಂದರು.

"ಹೋದ ಸಲ ನೀವು ಹೇಳಿದ್ದಕ್ಕಿಂತ ಎರಡ್ ದಿನ ಮೊದ್ಲ ಮುಗೀತಲ್ರೀ ಅಮ್ಮಾರ," ಎಂದೆ.

"ಯುಗಾದೀಲಿ ಬೀದಿಗೆಲ್ಲ ಒಬ್ಬಟ್ಟು ಅಂಚಿದ್ಯಾರು? ನಾನಾ?"

ಇಬ್ಬರೂ ನಕ್ಕೆವು. ಅವರು ಇಳಿದು ಹೊರಟರು. ಮಂಡಿ ನೋವಿದ್ದುದರಿಂದ ನಮ್ಮ ಮನೆಯಿಂದ ಇಳಿಯುವಾಗ ಮೆಟ್ಟಿಲ ನಡುವೆ ಒಮ್ಮೆ ಕೂರುವುದು ಅವರ ವಾಡಿಕೆ. ಅವತ್ತೂ ಕೂತರು. ಮಡಿಲಿನಲ್ಲಿದ್ದ ಎಲೆ ಅಡಿಕೆಯ ಸ್ಟೀಲ್ ಡಬ್ಬಿ ತೆರೆದು, ಅದರೊಳಗಿಂದ ಬಿ.ಪಿ. ಮಾತ್ರೆಯ ಶೀಟು ತೆಗೆದರು. ಒಂದು ಮಾತ್ರೆ ಒತ್ತಿ, ಅಡಕತ್ತರಿಯ ಬಾಯಿಗೆ ಕೊಟ್ಟು, ಕಟ್ಟನೆ ಎರಡು ಮಾಡಿದರು. ಒಂದು ಚೂರು ಬಾಯಿಗೆ ಹೋಯಿತು. ಇನ್ನೊಂದು ಕಾಗದದಲ್ಲಿ ಮಡಚಿಕೊಂಡು ಡಬ್ಬಿಗೆ ಹೋಯಿತು.

ನಾನು ಮೇಲಿನ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದೆ. ಒಂದು ಮಾತು ನಾಲಿಗೆಯ ತುದಿಗೆ ಬಂತು. ಅದು ಅವರೇ ನಮಗೆ ಹೇಳಿಕೊಟ್ಟ ಮಾತು. ನಾನು ನೋಡುತ್ತಿರುವುದು ಅವರಿಗೆ ತಿಳಿಯಿತು.

"ಏನ್ ಅಂಗ್ ನೋಡ್ತೀಯ? ಇಡೀದು ತಗೊಂಡ್ರೆ ತಲೆ ತಿರುಗ್ತದೆ. ನಂಗೆ ಅರ್ಧ ಸಾಕು," ಎಂದರು.

ನಾನು ಮಾತನ್ನು ನುಂಗಿಕೊಂಡು ಒಳಗೆ ಹೋಗಿ ಪಾತ್ರೆ ತೊಳೆದೆ. ಮಾರನೆಯ ದಿನ ಬೆಳಿಗ್ಗೆ, ಅಂಗಳಕ್ಕೆ ನೀರು ಹಾಕುತ್ತಿದ್ದ ಅವರು ಬಕೆಟ್ಟಿನ ಪಕ್ಕದಲ್ಲೇ ಬಿದ್ದರು.

ಕೆಂಪಾಪುರದ ಆ ಮನೆಗೆ ನಾವು ಬಾಡಿಗೆಗೆ ಬಂದು ಆರು ವರ್ಷವಾಗಿತ್ತು. ಕೆಳಗಿನ ಮನೆಯಲ್ಲಿ ಅವರು, ಅವರ ಮಗ, ಸೊಸೆ. ಮಗನದು ತಣಿಸಂದ್ರದ ಕಡೆ ಟೈಲ್ಸ್ ಅಂಗಡಿ. ಸೊಸೆ ಒಂದು ಆಫೀಸಿಗೆ ಹೋಗುತ್ತಿದ್ದರು. ಮೇಲೆ ಎರಡು ಬಾಡಿಗೆ ಮನೆ, ಅದರಲ್ಲಿ ಒಂದು ನಮ್ಮದು. ಬೀದಿಯವರೆಲ್ಲ ಅವರನ್ನು ಓನರಮ್ಮ ಎನ್ನುತ್ತಿದ್ದರು. ನಾವು ಗದಗದ ಕಡೆಯವರು. ನನ್ನ ಬಾಯಿಗೆ 'ಅಮ್ಮಾರ' ಎಂದೇ ಬರುತ್ತಿತ್ತು.

ಆ ಬೀದಿಯ ಅರ್ಧದಷ್ಟು ಜಾಗ ಒಂದು ಕಾಲಕ್ಕೆ ಅವರ ಗಂಡನ ಮನೆಯ ಹೊಲವಾಗಿತ್ತಂತೆ. ನಮ್ಮ ಬಚ್ಚಲಿರುವ ಕಡೆ ಅವರ ಮಾವನ ರಾಗಿ ಕಣ ಇತ್ತಂತೆ. "ನೀನ್ ಸ್ನಾನ ಮಾಡೋ ಜಾಗ್ದಲ್ಲಿ ನಾನ್ ರಾಗಿ ತೂರಿದೀನಿ ಕಣವ್ವ, ನೀರು ಮೆತ್ತಗೆ ಉಯ್ಕೊ," ಎನ್ನುತ್ತಿದ್ದರು. ಅವರಿಗೆ ಬಾಡಿಗೆ ಬರುತ್ತಿತ್ತು, ಮಗನ ವ್ಯಾಪಾರ ಚೆನ್ನಾಗಿತ್ತು. ಆದರೂ ಹೊಸ ಸೋಪು ತಂದರೆ ಕಾಗದ ಬಿಚ್ಚಿ, ಚಾಕುವಿನಿಂದ ಎರಡು ಮಾಡಿ, ಹದಿನೈದು ದಿನ ಬೀರುವಿನಲ್ಲಿ ಸೀರೆಗಳ ನಡುವೆ ಇಡುತ್ತಿದ್ದರು. ಸೀರೆಗೆ ವಾಸನೆ ಬರುತ್ತಿತ್ತು. ಸೋಪು ಒಣಗಿ ಗಟ್ಟಿಯಾಗಿ, ಹಸಿ ಸೋಪಿಗಿಂತ ಬಹಳ ದಿನ ಬಾಳುತ್ತಿತ್ತು. ಕೊತ್ತಂಬರಿ ಸೊಪ್ಪಿನ ಬೇರನ್ನು ಒಡೆದ ಬಕೆಟ್ಟಿನ ಮಣ್ಣಿಗೆ ಊರುತ್ತಿದ್ದರು. ಅಕ್ಕಿ ತೊಳೆದ ನೀರು ಅದಕ್ಕೇ.

ಬೀದಿಯ ಕೆಲವರು ಹಿಂದಿನಿಂದ ಅವರನ್ನು ಜಿಪುಣಮ್ಮ ಎನ್ನುತ್ತಿದ್ದರು. ಅದು ಅವರಿಗೂ ಗೊತ್ತಿತ್ತು. ಒಮ್ಮೆ ನಾನೇ ಸಂಕೋಚದಿಂದ ಆ ವಿಷಯ ಎತ್ತಿದಾಗ, "ಅನ್ಲಿ ಬಿಡು, ಅನ್ನೋದಕ್ಕೇನು ಕಾಸ್ ಕೊಡ್ಬೇಕಾ? ಬಿಟ್ಟಿ ಸಿಗೋದು ಅದೊಂದೇ ಈ ಊರಲ್ಲಿ," ಎಂದು ಎಲೆ ಜಗಿದರು.

ನಾನು ಅವರನ್ನು ಹತ್ತಿರದಿಂದ ಕಂಡಿದ್ದು ನಮಗೆ ಕಷ್ಟ ಬಂದಾಗ.

ಮೂರು ವರ್ಷದ ಹಿಂದೆ ನಮ್ಮ ಮನೆಯವರು ಹೆಬ್ಬಾಳದ ಸರ್ವಿಸ್ ರಸ್ತೆಯಲ್ಲಿ ಮಳೆಗೆ ಗಾಡಿ ಜಾರಿ ಬಿದ್ದರು. ಬಲಗೈ ಮುರಿದು ರಾಡ್ ಹಾಕಬೇಕಾಯಿತು. ಅವರದು ಯಶವಂತಪುರದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಲೇತ್ ಮಷಿನ್ನಿನ ಕೆಲಸ. ಕೆಲಸಕ್ಕೆ ಹೋದ ದಿನಕ್ಕೆ ಮಾತ್ರ ಸಂಬಳ. ನಾಲ್ಕು ತಿಂಗಳು ಆ ಕೈ ಎತ್ತುವ ಹಾಗಿಲ್ಲ ಎಂದರು ಡಾಕ್ಟರು. ಉಳಿದದ್ದು ನನ್ನ ಹೊಲಿಗೆ ಯಂತ್ರ, ಸೀರೆಗೆ ಫಾಲ್ಸ್ ಹಾಕುವುದು, ರವಿಕೆ ಹೊಲಿಯುವುದು. ಆಪರೇಷನ್ನಿಗೆ ಕೈಲಿದ್ದುದೆಲ್ಲ ಹೋಗಿತ್ತು.

ನಾನೂ ಮಗಳೂ ಊರಿಗೆ ಹೋಗಿ ಅತ್ತೆಯ ಮನೆಯಲ್ಲಿರುವುದು, ಇವರು ನಮ್ಮ ಕಡೆಯ ಐದಾರು ಜನರ ಜೊತೆ ಒಂದು ರೂಮಿನಲ್ಲಿರುವುದು ಎಂದು ಇವರು ತೀರ್ಮಾನ ಮಾಡಿದರು. ಮಗಳು ಆಗ ಒಂದನೇ ಕ್ಲಾಸು. ಅಕ್ಷರಗಳನ್ನು ಕೂಡಿಸಿ ಅಂಗಡಿ ಬೋರ್ಡು ಓದಲು ಆಗತಾನೆ ಶುರು ಮಾಡಿದ್ದಳು. ಊರಿಗೆ ಹೋದವರು ಮತ್ತೆ ಬಂದು ಮನೆ ಮಾಡುವುದು ಸುಲಭವಲ್ಲ ಎಂದು ನನಗೆ ಗೊತ್ತಿತ್ತು. ನಮ್ಮ ಓಣಿಯಲ್ಲಿ ಹಾಗೆ ಹೋಗಿ ಅಲ್ಲೇ ಉಳಿದವರು ಇದ್ದರು.

ಮನೆ ಖಾಲಿ ಮಾಡುವ ವಿಷಯ ಹೇಳಲು ಕೆಳಗೆ ಹೋದೆ. "ಊರಿಗ್ ಹೊಂಟೀವ್ರೀ ಅಮ್ಮಾರ," ಎಂದೆ. ಅವರು ಎದ್ದು, ನನ್ನ ಹಿಂದೆಯೇ ಒಂದೊಂದೇ ಮೆಟ್ಟಿಲು ಹತ್ತಿಕೊಂಡು ನಮ್ಮ ಮನೆಗೆ ಬಂದರು. ಬಾಡಿಗೆ ಬಿಡುತ್ತೇನೆ ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ನೇರವಾಗಿ ಅಡುಗೆಮನೆಗೆ ಹೋಗಿ, ಒಂದು ಹಳೇ ಪೇಪರ್ ಹಾಸಿ, ಅದರ ಮೇಲೆ ನಮ್ಮ ಕಸದ ಬಕೆಟ್ಟನ್ನು ಬೋರಲು ಹಾಕಿದರು.

ನನಗೆ ನಾಚಿಕೆಯಿಂದ ನೆಲ ಬಿರಿಯಬಾರದೇ ಅನ್ನಿಸಿತು. "ಅಯ್ಯ, ಬ್ಯಾಡ್ರೀ, ಹೊಲಸೈತ್ರೀ," ಎಂದೆ.

"ಸುಮ್ಕಿರು. ದುಡ್ಡು ಎಲ್ಲೋಯ್ತದೆ ಅಂತ ಪರ್ಸು ಏಳಲ್ಲ ಕಣವ್ವ, ಕಸದ ಬಕೇಟು ಏಳ್ತದೆ."

ಕಡ್ಡಿಯೊಂದರಿಂದ ಬಿಡಿಸುತ್ತಾ ಹೋದರು. ಹೂಕೋಸಿನ ದಂಟು ಮತ್ತು ಎಲೆ. ಹೀರೇಕಾಯಿ ಸಿಪ್ಪೆ. ಕೊಳೆತ ಅರ್ಧ ಟೊಮ್ಯಾಟೊ. ಒಂದು ಹಿಡಿ ಅನ್ನ. ಮಗಳು ತಿಂದ ಚಿಪ್ಸ್ ಪ್ಯಾಕೆಟ್ ನಾಲ್ಕು. ಹಿಟ್ಟಿನ ಪ್ಲಾಸ್ಟಿಕ್ ಕವರ್ ಎರಡು.

"ಈ ದಂಟು ಸಾರಿಗಾಯ್ತದೆ. ಈ ಸಿಪ್ಪೆ ಚಟ್ನಿಗಾಯ್ತದೆ. ಟೊಮೇಟೊ ಯಾಕ್ ಕೊಳೀತು? ಅಗ್ಗ ಅಂತ ಜಾಸ್ತಿ ತಂದೆ. ಅಗ್ಗಕ್ ತಂದು ಕಸಕ್ ಆಕಿದ್ರೆ ದುಬಾರಿ ಆಯ್ತಲ್ಲ. ಪ್ಯಾಕೆಟ್ಟಿನ ಇಟ್ಟು ಯಾಕೆ? ಜೋಳ ತಂದು ಮಿಷನ್ನಿಗೆ ಆಕ್ಸು." ಎದ್ದು ನಿಂತು ಸೊಂಟ ನೇರ ಮಾಡಿಕೊಂಡರು. "ಮೂರ್ ತಿಂಗ್ಳು ನಾನ್ ಏಳ್ದಂಗೆ ಕೇಳು. ಆಗ್ಲೂ ಆಗ್ಲಿಲ್ಲ ಅಂದ್ರೆ ನಾನೇ ನಿಮ್ಮನ್ನ ಬಸ್ ಅತ್ತಿಸ್ತೀನಿ. ಚಾರ್ಜೂ ನಂದೇ."

ಹೀಗೆ ನನ್ನ ಪಾಠ ಶುರುವಾಯಿತು.

ಮೊದಲ ವಾರವೇ ನಾನು ಒಂದು ದೊಡ್ಡ ತಪ್ಪು ಮಾಡಿದೆ. ಅವರ ಊರಿನ ಕಡೆಯಿಂದ ಬಂದ ಸೊಪ್ಪು, ಹೆಸರುಕಾಳು ಕೊಟ್ಟು, "ಎರಡೂ ಬೇಯ್ಸಿ ಬಸ್ದಿಡು, ಈಗ್ ಬರ್ತೀನಿ," ಎಂದು ಹೇಳಿ ಹೋದರು. ನಾನು ಬೇಯಿಸಿದೆ, ಚೆನ್ನಾಗಿ ಬಸಿದೆ. ಅವರು ಬಂದು ನೋಡಿದಾಗ ಸಿಂಕಿನಿಂದ ಇನ್ನೂ ಹಬೆ ಏಳುತ್ತಿತ್ತು.

"ನೀರೆಲ್ಲಿ?"

"ಚೆಲ್ಲೀನ್ರೀ."

"ಅಯ್ಯೋ ನನ್ ಕರ್ಮವೇ! ಸಾರನ್ನೇ ಚೆಲ್ಬಿಟ್ಟಲ್ಲೇ ಮಾರಾಯ್ತಿ!" ಎಂದು ಸಿಂಕಿನೊಳಗೆ ಬಗ್ಗಿ ನೋಡಿದರು, ಇನ್ನೂ ಹಿಡಿಯಲು ಸಿಗುತ್ತದೇನೋ ಎನ್ನುವ ಹಾಗೆ.

ನಮ್ಮ ಕಡೆ ಬಸ್ಸಾರು ಮಾಡುವುದಿಲ್ಲ. ಬಸಿದ ನೀರಿಗೆ ಖಾರ ರುಬ್ಬಿ ಹಾಕಿದರೆ ಸಾರು, ಉಳಿದ ಸೊಪ್ಪು ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಸಲ ಒಲೆ ಉರಿಸಿ ಎರಡು ಅಡುಗೆ ಮಾಡಬಹುದೆಂದು ನನಗೆ ಅವತ್ತೇ ತಿಳಿದದ್ದು. ಅವರು ಈ ಕತೆಯನ್ನು ಬೀದಿಗೆಲ್ಲ ಹೇಳಿದರು. ಸೊಪ್ಪು ಮಾರುವಾಕೆ ಕೂಡ ಸುಮಾರು ದಿನ ನನ್ನನ್ನು ಕಂಡರೆ, "ಅಕ್ಕಾ, ಇವತ್ತೂ ಸಾರು ಚೆಲ್ತೀರಾ?" ಎನ್ನುತ್ತಿದ್ದಳು.

ಆದರೆ ಅವರು ನಮ್ಮಿಂದ ಕಲಿತದ್ದೂ ಉಂಟು. ನಾನು ವಾರಕ್ಕೊಮ್ಮೆ ನಲವತ್ತು ರೊಟ್ಟಿ ಒಂದೇ ಪಟ್ಟಿಗೆ ಬಡಿದು, ಖಡಕ್ ಮಾಡಿ, ಬಟ್ಟೆ ಸುತ್ತಿ ಬುಟ್ಟಿಯಲ್ಲಿಡುತ್ತಿದ್ದೆ. ಒಂದು ಸಲ ಹಂಚು ಕಾದರೆ ಒಂದು ವಾರ ಮತ್ತೆ ಕಾಯಿಸುವ ಕೆಲಸವಿಲ್ಲ. ಅವರು ಒಂದು ರೊಟ್ಟಿ ಮುರಿದು ಕಿವಿಯ ಹತ್ತಿರ ಹಿಡಿದು ಸದ್ದು ಕೇಳಿದರು. "ಅಪ್ಪಳ ಕಣೇ ಇದು! ಎಷ್ಟ್ ದಿನ ಇದ್ರೂ ಕೆಡಲ್ವಾ? ನಿಮ್ಮೋರು ನಮಗಿಂತ ಬುದ್ವಂತ್ರು," ಎಂದರು. ಅವರ ಬಾಯಿಂದ ಬಂದ ದೊಡ್ಡ ಹೊಗಳಿಕೆ ಅದು.

ನನ್ನ ತವರಿನಿಂದ ಬಂದ ಕೌದಿ ಅವರಿಗೆ ಅದಕ್ಕಿಂತ ಹಿಡಿಸಿತು. ಅವ್ವನ ಹಳೆಯ ಸೀರೆಗಳನ್ನು ಪದರ ಪದರವಾಗಿ ಸೇರಿಸಿ ಹೊಲಿದ ಹೊದಿಕೆ. ಕೆಂಪಾಪುರ ಇನ್ನೂ ಹಳ್ಳಿಯಾಗಿದ್ದಾಗ ಓನರಮ್ಮನ ಅತ್ತೆ, ಅನ್ನ ಒಂದು ಕುದಿ ಬಂದೊಡನೆ ಪಾತ್ರೆಯನ್ನು ಹುಲ್ಲು ತುಂಬಿದ ಕುಕ್ಕೆಯಲ್ಲಿ ಹೂತಿಡುತ್ತಿದ್ದರಂತೆ. ಉಳಿದದ್ದು ತನ್ನ ಬಿಸಿಗೆ ತಾನೇ ಬೇಯುತ್ತಿತ್ತಂತೆ. "ಉಲ್ಲಿಲ್ಲ, ಕುಕ್ಕೆ ಇಲ್ಲ, ನಿಂ ಕೌದಿ ಐತಲ್ಲ," ಎಂದು ಕುದಿಯುವ ಅನ್ನದ ಪಾತ್ರೆಗೆ ಮುಚ್ಚಳ ಬಿಗಿದು ಕೌದಿ ಸುತ್ತಿಸಿದರು. ಮುಕ್ಕಾಲು ಗಂಟೆಯ ಮೇಲೆ ಬಿಚ್ಚಿದರೆ ಅನ್ನ ಅರಳಿ ನಿಂತಿತ್ತು. ನಮ್ಮವ್ವನ ಮದುವೆ ಸೀರೆಯ ತುಂಡು ಅನ್ನದ ಬಿಸಿಗೆ ಬೆಚ್ಚಗಾಗಿತ್ತು. ನಾನು ಅದಕ್ಕೆ ಕೆನ್ನೆಯಿಟ್ಟೆ. ಅವರು ನೋಡಿಯೂ ನೋಡದವರಂತೆ ಹೊರಗೆ ಹೋದರು.

ಅವರ ಇನ್ನೊಂದು ಉಪಾಯ ಸೆರಗಿನ ಗಂಟು. ಏನಾದರೂ ಕೊಳ್ಳಬೇಕು ಅನ್ನಿಸಿದರೆ ತಕ್ಷಣ ಕೊಳ್ಳಬಾರದು, ಸೆರಗಿನ ತುದಿಗೆ ಒಂದು ಗಂಟು ಹಾಕಬೇಕು. ಮೂರು ದಿನ ಬಿಟ್ಟು ಆ ಗಂಟು ನೋಡಿದಾಗ ಯಾತಕ್ಕೆ ಹಾಕಿದ್ದು ಎಂದು ನೆನಪಾದರೆ ತರುವುದು, ಆಗದಿದ್ದರೆ ಬಿಚ್ಚಿಬಿಡುವುದು. ಸೊಸೆಯ ಫೋನಿಗೆ ಹತ್ತು ನಿಮಿಷದಲ್ಲಿ ಸಾಮಾನು ತಲುಪಿಸುವ ಅಂಗಡಿಗಳು ಬಂದಿದ್ದವು. ದಿನಕ್ಕೆರಡು ಸಲ ಗೇಟಿನ ಬಳಿ ಗಾಡಿ ನಿಲ್ಲುತ್ತಿತ್ತು.

"ಅತ್ತೆ, ನಾನು ಚೂಡಿದಾರ್ ಹಾಕೋದು. ಗಂಟು ಎಲ್ಲಿ ಹಾಕ್ಲಿ?" ಎಂದು ಸೊಸೆ ಕೀಟಲೆ ಮಾಡಿದರೆ, "ಆ ಫೋನಿಗ್ ಆಕವ್ವ, ಬಿಗಿಯಾಗಿ," ಎನ್ನುತ್ತಿದ್ದರು.

ನಾನು ಹಾಕಿದ ಮೊದಲ ಗಂಟು ಏತಕ್ಕೆಂದು ಮೂರನೇ ದಿನ ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಅವರಿಗೆ ಹೇಳಿದೆ. "ನೋಡ್ದಾ? ಅದಿಲ್ದೆ ಮೂರ್ ದಿನ ಬದುಕ್ದೆ," ಎಂದು ನಕ್ಕರು. ಆ ಗಂಟು ಏತಕ್ಕೆಂದು ನನಗೆ ಇಂದಿಗೂ ನೆನಪಿಲ್ಲ.

ಅವರು ಕೈ ಬಿಗಿ ಹಿಡಿಯದ ವಸ್ತು ಒಂದಿತ್ತು, ಕಾಫಿ ಪುಡಿ. ಅದನ್ನು ಮಾತ್ರ ಯಲಹಂಕದಲ್ಲಿ ಕಣ್ಣೆದುರಿಗೇ ಬೀಜ ಹುರಿದು ಪುಡಿ ಮಾಡಿಕೊಡುವ ಅಂಗಡಿಯಿಂದಲೇ ತರಬೇಕು. ಹೆಂಗಸರಿಗೆ ಬಸ್ಸು ಉಚಿತವಾದ ಮೇಲಂತೂ ಅವರ ಖುಷಿ ಹೇಳತೀರದು. ಚಳಿಗಾಲದಲ್ಲಿ ನನ್ನನ್ನೂ ಕರೆದುಕೊಂಡು ರಾಜಾನುಕುಂಟೆಯ ತಂಗಿ ಮನೆಗೆ ಹೋಗುತ್ತಿದ್ದರು. ತಂಗಿಯ ಹೊಲದ ಅವರೆಕಾಯಿ ಒಂದು ಮೂಟೆ ಹೊತ್ತು ತರುತ್ತಿದ್ದೆವು. ಕಂಡಕ್ಟರ್ ಮೂಟೆ ನೋಡಿ, "ಅಜ್ಜಿ, ನಿಮಗ್ ಫ್ರೀ, ಮೂಟೆಗೆ ಲಗೇಜ್ ಆಗುತ್ತೆ," ಎಂದರೆ, "ಇದೂ ಎಣ್ಣೇ ಕಣಪ್ಪ, ನಮ್ ತಂಗಿ ಮಗ್ಳು, ಸ್ವಲ್ಪ ದಪ್ಪ ಅವ್ಳೆ," ಎನ್ನುತ್ತಿದ್ದರು. ಬಸ್ಸಿಗೆ ಬಸ್ಸೇ ನಗುತ್ತಿತ್ತು. ಕಂಡಕ್ಟರ್ ನಗುತ್ತಲೇ ಲಗೇಜ್ ಟಿಕೆಟ್ ಹರಿದು ಕೊಡುತ್ತಿದ್ದ. ಅವರು ನಗುತ್ತಲೇ ಕೊಟ್ಟುಬಿಡುತ್ತಿದ್ದರು.

ಇಷ್ಟೆಲ್ಲ ಹೇಳಿದರೂ, ನನಗೆ ಮುಖ್ಯವಾದದ್ದು ಇನ್ನೊಂದು.

ಆ ಮೂರು ತಿಂಗಳಲ್ಲಿ ಉಳಿಸುವ ಹುಚ್ಚು ನನಗೆ ತಲೆಗೇರಿತು. ಅವರನ್ನೂ ಮೀರಿಸಬೇಕು ಅನ್ನಿಸಿಬಿಟ್ಟಿತು. ಮಗಳ ಹಾಲಿಗೆ ನೀರು ಬೆರೆಸಿದೆ. ಆಮೇಲೆ ರಾತ್ರಿಯ ಹಾಲು ನಿಲ್ಲಿಸಿದೆ. ಅದೇ ಹೊತ್ತಿಗೆ ಇವರು ನನಗೆ ಹೇಳದೆ ಒಂದು ಕೆಲಸ ಮಾಡಿದ್ದರು. ಡಾಕ್ಟರು ಬರೆದ ಮಾತ್ರೆಯನ್ನು ದಿನ ಬಿಟ್ಟು ದಿನ ತೆಗೆದುಕೊಳ್ಳುತ್ತಿದ್ದರು, ಕೈಗೆ ವ್ಯಾಯಾಮ ಮಾಡಿಸುವವರ ಹತ್ತಿರ ಹೋಗುವುದನ್ನು ನಿಲ್ಲಿಸಿದ್ದರು.

ಒಂದು ಸಂಜೆ ಓನರಮ್ಮ ಬಂದಾಗ ಮಗಳು ಲೋಟ ಹಿಡಿದು, "ಅಜ್ಜೀ, ನಮ್ಮನಿ ಹಾಲು ನೀರ ಆಗೈತಿ," ಎಂದಳು. ಅವರು ಲೋಟ ತೆಗೆದುಕೊಂಡು ಒಂದು ಗುಟುಕು ಕುಡಿದರು. ನನ್ನ ಮುಖ ನೋಡಿದರು. ಅಷ್ಟರಲ್ಲಿ ಮೂಲೆಯಲ್ಲಿ ಕೂತಿದ್ದ ಇವರ ಕೈ ಊದಿಕೊಂಡಿದ್ದು ಕಂಡಿತು. ವಿಚಾರಿಸಿದಾಗ ಮಾತ್ರೆ ತಪ್ಪಿಸುತ್ತಿದ್ದುದು, ವ್ಯಾಯಾಮ ಬಿಟ್ಟದ್ದು ಎಲ್ಲ ಹೊರಬಿತ್ತು. ಇವರು, "ಕೈ ತಾನ ಆರಾಮ ಆಕ್ಕೈತಿ ಬಿಡ್ರೀ ಅಮ್ಮಾರ," ಎಂದರು.

ಓನರಮ್ಮನ ಗಂಟಲು ಅಷ್ಟು ಏರಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ.

"ಯಾರ್ ಏಳ್ಕೊಟ್ರು ಇದ್ನ ನಿಮಗೆ? ನಾನ್ ಏಳ್ಕೊಟ್ನಾ? ನಾನು ಸಿಪ್ಪೆ ಎಸೀಬೇಡ ಅಂದ್ರೆ ನೀವು ಇಡೀ ಅಣ್ಣನ್ನೇ ಎಸೀತಿದೀರ! ಕೇಳಿಸ್ಕೊಳ್ಳಿ ಇಬ್ರೂ. ಮೂರಕ್ಕೆ ಕತ್ರಿ ಆಕ್ಬಾರ್ದು. ಮಗೀನ ಆಲು, ಮಗೀನ ಓದು, ಕಾಯ್ಲೆಗೆ ಔಷ್ದಿ. ಔಷ್ದೀಲಿ ಉಳ್ಸಿದ್ದು ಉಳ್ಕೆ ಅಲ್ಲ. ಇವಿಷ್ಟು ಬಿಟ್ಟು ಬೇರೆ ಏನ್ ಬೇಕಾದ್ರೂ ಅರ್ಧ ಮಾಡಿ, ನಾನ್ ಬೇಡ ಅನ್ನಲ್ಲ."

ಮಾರನೆಯ ದಿನ ಬೆಳಿಗ್ಗೆ ಓನರಮ್ಮನೇ ಗೇಟಿನ ಬಳಿ ನಿಂತು, ಇವರನ್ನು ಆಸ್ಪತ್ರೆಗೆ ಕಳಿಸಿ, ಆಟೋ ತಿರುಗುವವರೆಗೂ ಅಲ್ಲೇ ಇದ್ದರು.

ಮೂರು ತಿಂಗಳು ಕಳೆಯಿತು, ನಾಲ್ಕನೆಯದೂ ಕಳೆಯಿತು. ಕೈ ಕೂಡಿತು. ಇವರು ಕೆಲಸಕ್ಕೆ ಹೋಗಲು ಶುರು ಮಾಡಿದರು. ನಾವು ಊರಿಗೆ ಹೋಗಲಿಲ್ಲ. ಇವರ ಮೊದಲ ಸಂಬಳ ಬಂದ ದಿನ ನಾನು ಹೂವು ಹಣ್ಣು ಹಿಡಿದು ಕೆಳಗೆ ಹೋಗಿ ಅವರ ಕಾಲಿಗೆ ನಮಸ್ಕಾರ ಮಾಡಿದೆ. ಏನಾದರೂ ದೊಡ್ಡ ಮಾತು ಹೇಳುತ್ತಾರೆ ಅಂದುಕೊಂಡಿದ್ದೆ.

"ಸದ್ಯ, ನಂಗೆ ಬಸ್ ಚಾರ್ಜ್ ಉಳೀತು," ಎಂದರು.

ಮಗಳು ಈಗ ನಾಲ್ಕನೇ ಕ್ಲಾಸು.

ಅಂಗಳದಲ್ಲಿ ಬಿದ್ದ ದಿನ ಓನರಮ್ಮನನ್ನು ಮಗನ ಕಾರಿನಲ್ಲೇ ಆಸ್ಪತ್ರೆಗೆ ಕರೆದೊಯ್ದರು. ಮೆದುಳಿನಲ್ಲಿ ರಕ್ತಸ್ರಾವವಾಗಿತ್ತು. ನಾನು ಕಾಫಿ ಫ್ಲಾಸ್ಕು ಹಿಡಿದು ಬಾಗಿಲ ಬಳಿ ನಿಂತಿದ್ದೆ. ಡಾಕ್ಟರು ಹೊರಗೆ ಬಂದು ಮಗನನ್ನು ಕೇಳಿದರು, "ಬಿ.ಪಿ. ಮಾತ್ರೆ ದಿನಾ ಸರಿಯಾಗಿ ತಗೋತಿದ್ರಾ?"

"ತಗೋತಿದ್ರು ಸಾರ್. ತಿಂಗ್ಳು ತಿಂಗ್ಳೂ ನಾನೇ ತಂದ್ಕೊಡ್ತಿದ್ದೆ," ಎಂದರು ಮಗ.

ನಾನು ಫ್ಲಾಸ್ಕಿನ ಮುಚ್ಚಳವನ್ನು ಇನ್ನಷ್ಟು ಬಿಗಿ ಮಾಡಿದೆ. ಹೇಳಬೇಕಾದ ಮಾತು ಎರಡನೆಯ ಸಲವೂ ನನ್ನೊಳಗೇ ಉಳಿಯಿತು. ಮೂರನೆಯ ದಿನ ಅವರು ಹೋದರು.

ಹನ್ನೊಂದನೆಯ ದಿನದ ಕಾರ್ಯ ಮುಗಿದ ಮೇಲೆ ಸೊಸೆ ಬೀರು ತೆಗೆದು ಸೀರೆಗಳನ್ನು ಹೊರಗಿಡುತ್ತಿದ್ದರು. ಜೊತೆಗೆ ನನ್ನನ್ನೂ ಕರೆದಿದ್ದರು. ಸೀರೆಗಳ ನಡುವಿಂದ ಅರ್ಧ ಸೋಪುಗಳು ಒಂದೊಂದಾಗಿ ಬಿದ್ದವು. ಕೆಳಗಿನ ಖಾನೆಯಲ್ಲಿ ಒಂದು ಬಟ್ಟೆಯ ಚೀಲವಿತ್ತು. ಅದರೊಳಗೆ ಮಾತ್ರೆಯ ಶೀಟುಗಳು, ಬಿಚ್ಚದೇ ಇರುವವು, ರಬ್ಬರ್ ಬ್ಯಾಂಡ್ ಹಾಕಿ ಜೋಡಿಸಿಟ್ಟವು. ಅರ್ಧ ಅರ್ಧ ತೆಗೆದುಕೊಂಡು ಅಷ್ಟನ್ನು ಉಳಿಸಿದ್ದರು. ಸೊಸೆ ಅದನ್ನು ಕೈಯಲ್ಲಿ ಹಿಡಿದು ನನ್ನ ಮುಖ ನೋಡಿದರು. ಆಮೇಲೆ ನೆಲದ ಮೇಲೆ ಕೂತು ಅತ್ತರು.

ಅವತ್ತು ಸಂಜೆ ಮಗ ಮೆಟ್ಟಿಲ ಮೇಲೆ ಒಬ್ಬರೇ ಕೂತಿದ್ದರು, ಅವರ ಅಮ್ಮ ಕೂರುತ್ತಿದ್ದ ಅದೇ ಮೆಟ್ಟಿಲು. ನನಗೆ ಇನ್ನು ತಡೆಯಲು ಆಗಲಿಲ್ಲ.

"ಅಣ್ಣಾರ, ಅವರು ಮಾತ್ರಿ ಅರ್ಧ ಮಾಡೂದು ನಾ ನೋಡಿದ್ನಿರೀ. ಬೀಳೂ ಹಿಂದಿನ ದಿನಾನೂ ನೋಡೀನಿ. ನಮಗ ಬೈದು ಬುದ್ಧಿ ಹೇಳಿದವ್ರು ಅವ್ರು. ಅದ ಮಾತು ಅವರಿಗೆ ಹೇಳಾಕ ನನಗ ಬಾಯಿ ಬರಲಿಲ್ರೀ."

ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಒಳ್ಳೆಯದಿತ್ತು.

"ನಾನೂ ನೋಡಿದ್ದೆ ಕಣಮ್ಮ," ಎಂದರು. "ಅಂಗಡಿಗೆ ಹೊರಡೋ ಟೈಮಲ್ಲಿ ಒಂದೆರಡ್ ಸಲ ನೋಡಿದ್ದೆ. ಕೇಳಿದ್ರೆ 'ನಿಂ ಕೆಲ್ಸ ನೋಡ್ಕೊ' ಅಂತಿದ್ರು. ಡಾಕ್ಟ್ರು ಕೇಳ್ದಾಗ ಸುಳ್ ಹೇಳ್ಬಿಟ್ಟೆ. ಅಮ್ಮನ್ನ ಅಲ್ಲಿ ಬಿಟ್ಕೊಡಕ್ಕಾಗ್ಲಿಲ್ಲ ನಂಗೆ."

ಅರ್ಧ ಮಾತ್ರೆಯಿಂದಲೇ ಹೀಗಾಯಿತೋ, ಇಡೀ ತೆಗೆದುಕೊಂಡಿದ್ದರೂ ಆಗುತ್ತಿತ್ತೋ, ನಮಗೆ ಯಾರೂ ಖಚಿತವಾಗಿ ಹೇಳಲಿಲ್ಲ. ಅವರಿಗೆ ದುಡ್ಡಿನ ಕೊರತೆ ಇರಲಿಲ್ಲ. ತಲೆ ತಿರುಗುತ್ತದೆ ಎಂದು ಡಾಕ್ಟರ ಹತ್ತಿರ ಹೇಳಿದ್ದರೆ ಬೇರೆ ಮಾತ್ರೆ ಬರೆಯುತ್ತಿದ್ದರೋ ಏನೋ. ಅರ್ಧದಲ್ಲಿ ಸಾಗುವುದನ್ನು ಇಡೀ ಬಳಸಬಾರದು ಎಂಬ ಒಂದು ರೂಢಿ ಅರವತ್ತು ವರ್ಷ ಅವರ ಕೈಯಲ್ಲಿ ಕೂತಿತ್ತು. ಆ ಕೈ ನಮ್ಮ ವಿಷಯದಲ್ಲಿ ಎಲ್ಲಿ ನಿಲ್ಲಬೇಕೆಂದು ಅದಕ್ಕೆ ಗೊತ್ತಿತ್ತು. ತನ್ನ ವಿಷಯದಲ್ಲಿ ಮಾತ್ರ ಅದು ನಿಲ್ಲಲಿಲ್ಲ. ಮೂರಕ್ಕೆ ಕತ್ತರಿ ಹಾಕಬಾರದು ಎಂದವರು ಅವರೇ. ಅವರ ಕೈಯಿಂದ ಕತ್ತರಿ ಕಿತ್ತುಕೊಳ್ಳಬೇಕಾದವಳು ನಾನಾಗಿದ್ದೆ. ಬಾಡಿಗೆಯವಳು, ಕಲಿತವಳು, ಚಿಕ್ಕವಳು ಎಂದು ಸುಮ್ಮನಿದ್ದೆ.

ನಮ್ಮ ಸಿಲಿಂಡರ್ ಅವರು ಹೇಳಿದ್ದಕ್ಕಿಂತ ಎರಡು ದಿನ ಹೆಚ್ಚೇ ಬಂತು. ಅವರು ಹೋದ ದಿನ, ಮಾರನೆಯ ದಿನ ನಮ್ಮ ಮನೆಯಲ್ಲಿ ಒಲೆ ಹಚ್ಚಿರಲಿಲ್ಲ. ಅದನ್ನು ಕಳೆದರೆ ಅವರ ಲೆಕ್ಕ ಸರಿಯಾಗಿಯೇ ಇತ್ತು. ಖಾಲಿಯಾದ ಸಿಲಿಂಡರನ್ನು ಕೊಡಲು ನನಗೆ ಮನಸ್ಸಿರಲಿಲ್ಲ. ಆದರೆ ಹಳೆಯದು ಕೊಟ್ಟರಷ್ಟೇ ಹೊಸದು. ತಂದವನು ಅದನ್ನು ಹೆಗಲಿಗೇರಿಸಿಕೊಂಡು ಮೆಟ್ಟಿಲಿಳಿದ. ಬಿಳಿ ಗೆರೆ ಅವನ ಬೆನ್ನ ಮೇಲೆ ಗೇಟಿನವರೆಗೂ ಕಾಣುತ್ತಿತ್ತು.

ಅವರು ಹೋಗಿ ಎಂಟು ತಿಂಗಳಾಯಿತು. ಈಗ ಅವರೆಕಾಯಿಯ ಕಾಲ. ರಾಜಾನುಕುಂಟೆಯಿಂದ ಅವರ ತಂಗಿ ಒಂದು ಮೂಟೆ ಕಳಿಸಿದ್ದರು. ಸೊಸೆಯೂ ನಾನೂ ಮೆಟ್ಟಿಲ ಮೇಲೆ ಕೂತು ಬಿಡಿಸಿದೆವು. ಸೊಸೆ ಈಗ ಸೋಪನ್ನು ಎರಡು ಮಾಡಿ ಸೀರೆಗಳ ನಡುವೆ ಇಡುತ್ತಾರೆ. ಮಗನಿಗೂ ಬಿ.ಪಿ. ಶುರುವಾಗಿದೆ, ಬೆಳಿಗ್ಗೆ ಅವರು ಇಡೀ ಮಾತ್ರೆ ನುಂಗುವವರೆಗೂ ಸೊಸೆ ಎದುರಿಗೇ ನಿಂತಿರುತ್ತಾರೆ. ನಮ್ಮ ಮನೆಯಲ್ಲಿ ಬಸ್ಸಾರು ವಾರಕ್ಕೆರಡು ಸಲ. ಮಗಳ ಹಾಲಿಗೆ ನೀರಿಲ್ಲ.

ನಿನ್ನೆ ಸಿಲಿಂಡರನ್ನು ಒದ್ದೆ ಬಟ್ಟೆಯಿಂದ ಒರೆಸಿ ನಿಂತೆ. ಮೇಲಿನದು ಒಣಗಿತು, ಕೆಳಗಿನದು ಒದ್ದೆಯಾಗಿ ಉಳಿಯಿತು. ಎಲ್ಲಿಯವರೆಗೆ ಇದೆ ಎಂಬುದು ಈಗ ನನಗೂ ಕಾಣುತ್ತದೆ. ನಮ್ಮ ಮನೆಯಲ್ಲಿ ಎಲೆ ಅಡಿಕೆ ಹಾಕುವವರು ಯಾರೂ ಇಲ್ಲ. ಗೆರೆ ಎಳೆಯಲು ಸುಣ್ಣವಿಲ್ಲ.